ಕೈಯಿಂದ ಕೈಗೆ ದಾಟಿದ ಟಾಚಣ ವಹಿ

ನರಗುಂದ, ನವಲಗುಂದ, ರೋಣದ ಸೀಮೆಯಲ್ಲಿ ಬಿಸಿಲು ಏರಿದಂತೆ ಕೆಲವು ಎರಿ ಹೊಲಗಳ ಮೇಲೆ ಜೋಳದ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಿನ ಪದರೊಂದು ಕಾಣಿಸಿಕೊಳ್ಳುತ್ತದೆ. ರೈತರು ಅದನ್ನು ಸವಳು ಅನ್ನುತ್ತಾರೆ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ ಕಾಲುವೆ ನೀರು ಹರಿಸಿದ ಮೇಲೆ, ನೀರು ಬಸಿದುಹೋಗದ ಹೊಲಗಳಲ್ಲಿ ಕೆಳಗಿನ ಲವಣ ಮೇಲೇರಿ ಬಂದು ಕೂತಿತು. ಆ ಪದರವನ್ನು ಒಂದು ಚಿಟಿಕೆ ತೆಗೆದು ನೀರಿನಲ್ಲಿ ಕದಡಿ, ಅದಕ್ಕೆ ಅರಿಶಿನ ಬಳಿದ ಹಾಳೆಯನ್ನು ಅದ್ದಿದರೆ, ಕ್ಷಾರ ಹೆಚ್ಚಿದ್ದ ಕಡೆಯದಾದರೆ ಹಳದಿ ಕೆಂಪಗಾಗುತ್ತದೆ. ಹತ್ತನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಎಂಬ ಅಧ್ಯಾಯವಿದೆ. ಅದರಲ್ಲಿ ಅರಿಶಿನವೂ ಇದೆ, ವಾಷಿಂಗ್ ಸೋಡಾ ಕೂಡ ಇದೆ. ನರಗುಂದದ ಹೊಲ ಮಾತ್ರ ಇಲ್ಲ. ಇಡೀ ದೇಶಕ್ಕೆಂದು ಬರೆದ ಪುಸ್ತಕದಲ್ಲಿ ಅದು ಇರುವುದು ಸಾಧ್ಯವೂ ಅಲ್ಲ.

ಅದನ್ನು ಸೇರಿಸಬೇಕಾದವರು ಮಾಸ್ತರರು, ಅಕ್ಕೋರು. ಒಬ್ಬ ಮಾಸ್ತರರು ತಮ್ಮ ವರ್ಗದಲ್ಲಿ ಸವಳಿನಿಂದ ಲವಣದ ಪಾಠ ಮಾಡಿದರೆಂದು ಇಟ್ಟುಕೊಳ್ಳೋಣ. ಪಕ್ಕದ ಊರಿನ ಶಾಲೆಗೆ ಅದು ತಲುಪುವ ಬಗೆ ಯಾವುದು? ಈ ಸೀಮೆಯಲ್ಲಿ ಈ ಪ್ರಶ್ನೆಗೆ ನೂರೈವತ್ತು ವರ್ಷಕ್ಕೂ ಹಿಂದಿನ ಚರಿತ್ರೆಯಿದೆ.

ನರಗುಂದ ತಾಲ್ಲೂಕಿನ ಶಿರೋಳವನ್ನು ಹೊರಗಿನವರು ಬಲ್ಲದ್ದು ಅಲ್ಲಿನ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಿಂದ. ಜಾತ್ರೆ ಹತ್ತಿರ ಬಂತೆಂದರೆ ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳ. ಬಡಿದ ರೊಟ್ಟಿಯನ್ನು ಒಣಗಿಸಿ, ಅಡುಕಿಟ್ಟು ಮಠಕ್ಕೆ ಮುಟ್ಟಿಸುತ್ತಾರೆ. ಉಣ್ಣುವ ಹೊತ್ತಿಗೆ ಯಾರ ಮನೆಯ ರೊಟ್ಟಿ ಯಾರ ಕೈಗೆ ಬಂತೆಂಬ ಲೆಕ್ಕವಿಲ್ಲ; ಕರಿಂಡಿ ಹಚ್ಚಿಕೊಂಡು ಎಲ್ಲರೂ ಸಾಲಾಗಿ ಕೂತು ಉಣ್ಣುತ್ತಾರೆ. ಊರಿಗೆ ಊರೇ ಅಡುಗೆಯವರು, ಊರಿಗೆ ಊರೇ ಉಣ್ಣುವವರು. ಪಾಠ ಹೇಳುವವರು ಪಾಠವನ್ನು ಹೀಗೆ ಒಂದು ಕಡೆ ಕೂಡಿಸಿ ಹಂಚಿಕೊಂಡದ್ದು ಉಂಟೇ ಎಂದು ಹುಡುಕುತ್ತ ಹೋದರೆ ಸಿಗುವ ಮೊದಲ ಹೆಸರಿನಲ್ಲೂ ‘ಮಠ’ ಎಂಬ ಮಾತೇ ಇದೆ.

ಹಳೆಯ ಧಾರವಾಡ ಸೀಮೆಯಲ್ಲಿ ಮಠವೆಂದರೆ ಸ್ವಾಮಿಗಳ ಮಠವಷ್ಟೇ ಅಲ್ಲ, ಮಕ್ಕಳು ಅಕ್ಷರ ತಿದ್ದುವ ಜಾಗವೂ ಹೌದು. ಗಾವಠಿ ಶಾಲೆಯ ಐಗಳು ಮರಳ ಮೇಲೆ ಬೆರಳಾಡಿಸಿ ಓನಾಮ ಕಲಿಸುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಐಗಳ ವಿದ್ಯೆ ಐಗಳ ಬಾಯಲ್ಲಿರುತ್ತಿತ್ತು. ಇನ್ನೊಬ್ಬ ಐಗಳಿಗೆ ಅದು ದಾಟಬೇಕೆಂದರೆ ಮಗನೋ ಶಿಷ್ಯನೋ ಆ ಕೆಲಸ ಹಿಡಿಯಬೇಕಿತ್ತು. 1860ರ ದಶಕದ ನಡುವಿನಲ್ಲಿ ಬೆಳಗಾವಿಯಿಂದ ಕನ್ನಡ ಶಾಲೆಗಳ ಮಾಸ್ತರರಿಗೆಂದೇ ಒಂದು ಮಾಸಪತ್ರಿಕೆ ಹೊರಟಿತು. ಅದರ ಹೆಸರು ‘ಮಠಪತ್ರಿಕೆ’. ಶಾಲಾಪತ್ರಿಕೆ ಎನ್ನುವುದಕ್ಕೆ ಆ ಕಾಲದ ಜನರ ಬಾಯಲ್ಲಿದ್ದ ಮಾತು ಅದು.

ಆಗ ಈ ಭಾಗ ಮುಂಬಯಿ ಇಲಾಖೆಗೆ ಸೇರಿತ್ತು. ಕನ್ನಡದ ಮಕ್ಕಳೂ ಎಷ್ಟೋ ಕಡೆ ಮರಾಠಿ ಶಾಲೆಯಲ್ಲೇ ಕಲಿಯಬೇಕಾಗಿತ್ತು. ಶಿಕ್ಷಣ ಖಾತೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು (1834–1881) ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಮಾಸ್ತರರನ್ನು ತಯಾರು ಮಾಡಿದರು, ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದರು, ಷೇಕ್ಸ್‌ಪಿಯರನ ನಾಟಕವನ್ನು ಕನ್ನಡಕ್ಕೆ ತಂದರು. ‘ಡೆಪ್ಯುಟಿ’ ಎಂಬ ಹುದ್ದೆಯ ಹೆಸರೇ ಅವರ ಮನೆತನದ ಹೆಸರಿನಂತೆ ಅಂಟಿಕೊಂಡಿತು. ಅವರಂಥವರು ಹುರಿಗೊಳಿಸಿದ ಮಾಸ್ತರರ ಪೀಳಿಗೆ ಊರೂರಿನಲ್ಲಿ ಒಂಟಿಯಾಗಿತ್ತು. ಒಂದು ಊರಿಗೆ ಒಂದು ಶಾಲೆ, ಒಂದು ಶಾಲೆಗೆ ಒಬ್ಬ ಮಾಸ್ತರ. ಪಾಠದಲ್ಲಿ ತೊಡಕು ಬಂದರೆ ಕೇಳುವುದಕ್ಕೆ ಇನ್ನೊಬ್ಬರಿಲ್ಲ. ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುವ ಪತ್ರಿಕೆಯೇ ಆ ಇನ್ನೊಬ್ಬ ಮಾಸ್ತರ. ಕಾಲ ಕಳೆದಂತೆ ಈ ಪತ್ರಿಕೆ ಹೆಸರು ಬದಲಿಸುತ್ತ, ‘ಜೀವನ ಶಿಕ್ಷಣ’ವಾಗಿ ಧಾರವಾಡದಿಂದ ಪ್ರಕಟವಾಗತೊಡಗಿತು. ಬಹಳಷ್ಟು ಸಾಹಿತ್ಯಪತ್ರಿಕೆಗಳು ಹುಟ್ಟಿ ಕಣ್ಮುಚ್ಚಿದ ನಾಡಿನಲ್ಲಿ ಮಾಸ್ತರರ ಪತ್ರಿಕೆಯ ಎಳೆ ಇಷ್ಟು ಉದ್ದ ಬಂದದ್ದು ಕನ್ನಡ ಪತ್ರಿಕೋದ್ಯಮದ ಚರಿತ್ರೆ ಬರೆಯುವವರು ಇನ್ನಷ್ಟು ಗಮನಿಸಬೇಕಾದ ಸಂಗತಿ.

ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಯುರೋಪಿನಲ್ಲಿ ರಸಾಯನಶಾಸ್ತ್ರದ ಒಬ್ಬ ಮಾಸ್ತರರ ಟಿಪ್ಪಣಿ ಕೈ ದಾಟಿದ ಕಥೆಯೊಂದಿದೆ. ಅದನ್ನಿಲ್ಲಿ ಹೇಳದೆ ಮುಂದೆ ಹೋಗಲಾಗದು. 1850ರ ದಶಕದಲ್ಲಿ ರಸಾಯನಶಾಸ್ತ್ರಜ್ಞರಿಗೆ ಪರಮಾಣು ತೂಕದ ವಿಷಯದಲ್ಲಿ ಒಮ್ಮತವಿರಲಿಲ್ಲ. ನೀರಿನ ಸೂತ್ರವನ್ನೇ ಒಬ್ಬರು ಒಂದು ಬಗೆಯಾಗಿ, ಇನ್ನೊಬ್ಬರು ಇನ್ನೊಂದು ಬಗೆಯಾಗಿ ಬರೆಯುತ್ತಿದ್ದರು. ಇಟಲಿಯ ಜಿನೋವಾದಲ್ಲಿ ಪಾಠ ಹೇಳುತ್ತಿದ್ದ ಸ್ತಾನಿಸ್ಲಾವೊ ಕಾನಿಝಾರೊ ಈ ಗೊಂದಲವನ್ನು ತನ್ನ ವಿದ್ಯಾರ್ಥಿಗಳಿಗೆ ಹೇಗೆ ಬಿಡಿಸಿ ಹೇಳುತ್ತೇನೆ ಎಂಬುದನ್ನು 1858ರಲ್ಲಿ ಬರೆದು ಅಚ್ಚು ಹಾಕಿಸಿದ. ಅವೊಗಾಡ್ರೊ ದಶಕಗಳ ಹಿಂದೆ ಹೇಳಿ ಬಹುಪಾಲು ಜನ ಮರೆತಿದ್ದ ಮಾತನ್ನು ಹಿಡಿದು, ಪರಮಾಣು ತೂಕವನ್ನು ಹಂತಹಂತವಾಗಿ ಕಂಡುಹಿಡಿಯುವ ದಾರಿ ಅದರಲ್ಲಿತ್ತು. 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ನಾನಾ ದೇಶಗಳ ರಸಾಯನಶಾಸ್ತ್ರಜ್ಞರು ಮೂರು ದಿನ ಕೂಡಿ ವಾದ ಮಾಡಿದರು, ತೀರ್ಮಾನಕ್ಕೆ ಬರಲಿಲ್ಲ. ಸಭೆ ಚದುರುವ ಹೊತ್ತಿಗೆ ಕಾನಿಝಾರೊನ ಗೆಳೆಯ ಪಾವೆಸಿ ಆ ಪುಟ್ಟ ಪುಸ್ತಿಕೆಯನ್ನು ಬಂದವರ ಕೈಗೆ ಹಂಚಿದ. ಜರ್ಮನಿಯ ಲೋಥಾರ್ ಮೇಯರ್ ಅದನ್ನು ಓದಿ ಕಣ್ಣು ತೆರೆದಂತಾಯಿತೆಂದು ಮುಂದೆ ನೆನೆದಿದ್ದಾನೆ. ಅದೇ ಸಭೆಯಲ್ಲಿದ್ದ ರಷ್ಯಾದ ಮೆಂಡಲೀಫ್ 1869ರಲ್ಲಿ ಆವರ್ತ ಕೋಷ್ಟಕ ಮಾಡಿದ. ಅದು ಹುಟ್ಟಿದ್ದು ತನ್ನ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆಯುತ್ತ, ಧಾತುಗಳನ್ನು ಯಾವ ಕ್ರಮದಲ್ಲಿ ಹೇಳಿಕೊಟ್ಟರೆ ತಿಳಿದೀತು ಎಂದು ತಲೆ ಕೆಡಿಸಿಕೊಂಡಿದ್ದಾಗ. ಇಂದು ಪ್ರತಿ ಪ್ರಯೋಗಾಲಯದ ಗೋಡೆಯ ಮೇಲೆ ತೂಗುವ ಆ ಪಟದ ಹಿಂದೆ ಹೀಗೆ ಇಬ್ಬರು ಮಾಸ್ತರರ ಪಾಠದ ತಯಾರಿ ಇದೆ.

ಕನ್ನಡದಲ್ಲಿ ಇಂಥ ಪಾಠ ಕೈ ದಾಟಬೇಕಾದರೆ ಮೊದಲು ಮಾತು ಬೇಕಿತ್ತು. 1918ರಲ್ಲಿ ಬೆಂಗಳೂರಿನಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಶುರುವಾಯಿತು. ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಅದರ ಬೆನ್ನೆಲುಬು. ಪತ್ರಿಕೆ ಎರಡು ವರ್ಷ ನಡೆದು ನಿಂತಿತು. ವಿಜ್ಞಾನದ ಯಾವ ಮಾತನ್ನಾದರೂ ಕನ್ನಡದಲ್ಲಿ ಹೇಳಬಹುದು ಎಂದು ತೋರಿಸಲು ಆ ಎರಡು ವರ್ಷ ಸಾಕಾಯಿತು. ಬೆಳ್ಳಾವೆಯವರು ಪಾಠ ಹೇಳುತ್ತಿದ್ದದ್ದು ಭೌತಶಾಸ್ತ್ರ, ಮುಂದೆ ಸಂಪಾದಿಸಿದ್ದು ಪಂಪಭಾರತ. ಹಳಗನ್ನಡ ಬಲ್ಲವರ ಕೈಗೆ ವಿಜ್ಞಾನದ ಪರಿಭಾಷೆ ಸಿಕ್ಕಿದ್ದು ಕನ್ನಡದ ಭಾಗ್ಯ.

ಪರಿಭಾಷೆಯ ಕಥೆಯಲ್ಲಿ ಒಂದು ಮಾತನ್ನಾದರೂ ಹತ್ತಿರದಿಂದ ನೋಡಬೇಕು. ಆಕ್ಸಿಜನ್‌ಗೆ ಕನ್ನಡದಲ್ಲಿ ‘ಆಮ್ಲಜನಕ’ ಎಂದು ಹೆಸರಾಯಿತು. ಆಮ್ಲವನ್ನು ಹುಟ್ಟಿಸುವುದು ಎಂದು ಅರ್ಥ. ಫ್ರಾನ್ಸಿನ ಲವಾಸಿಯೆ ಗ್ರೀಕ್ ಬೇರುಗಳಿಂದ ಕಟ್ಟಿದ ಹೆಸರಿನ ನೇರ ರೂಪ ಇದು. ಹುಳಿಯಾದದ್ದರಲ್ಲೆಲ್ಲ ಈ ಅನಿಲ ಇದ್ದೇ ಇರುತ್ತದೆಂದು ಲವಾಸಿಯೆ ನಂಬಿದ್ದ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನ ಹಂಫ್ರಿ ಡೇವಿ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೆಂದು ತೋರಿಸಿದ. ಹೆಸರು ಮಾತ್ರ ಉಳಿಯಿತು, ಕನ್ನಡಕ್ಕೂ ಬಂತು. ಜಲಜನಕ ನೀರನ್ನು ಹುಟ್ಟಿಸುತ್ತದೆ ಎನ್ನುವುದು ನಿಜವಾದ ಮಾತು. ಆಮ್ಲಜನಕ ಮಾತ್ರ ಇನ್ನೂರು ವರ್ಷ ಹಳೆಯ ತಪ್ಪೊಂದನ್ನು ಹೊತ್ತುಕೊಂಡಿರುವ ಸುಂದರ ಪದ. ಬಲ್ಲ ಮಾಸ್ತರರ ಕೈಯಲ್ಲಿ ಈ ಹೆಸರೇ ಒಂದು ಪಾಠವಾಗುತ್ತದೆ. ಹೆಸರು ಹೀಗೇಕೆ, ಹುಳಿಗೆ ನಿಜವಾಗಿ ಕಾರಣ ಯಾವುದು ಎಂದು ಹುಡುಗರನ್ನು ಕೇಳಿದರೆ ಪಾಠ ಜಲಜನಕದ ಅಯಾನಿಗೆ ತಾನಾಗಿ ಬಂದು ನಿಲ್ಲುತ್ತದೆ. ಈಗಿನ ಪಠ್ಯದಲ್ಲಿ ಆಕ್ಸಿಜನ್, ಹೈಡ್ರೋಜನ್, ಕಾರ್ಬನ್ ಎಂದೇ ಇದೆ. ಪಿಯುಸಿಗೆ ಹೋಗುವ ಮಕ್ಕಳಿಗೆ ಅದು ಅನುಕೂಲ ಎನ್ನುವುದು ಸರಿಯೇ. ಆದರೆ ಆಮ್ಲಜನಕ, ಸಾರಜನಕ, ಇಂಗಾಲ, ರಂಜಕ, ಗಂಧಕ ಇವು ಮಾಸ್ತರರ ಬಾಯಿಂದಲೂ ಮರೆಯಾದರೆ ನಷ್ಟ ದೊಡ್ಡದು. ಇಂಗಾಲ ಎಂದ ತಕ್ಷಣ ಒಲೆಯ ಕೆಂಡ ಕಣ್ಣಿಗೆ ಬರುತ್ತದೆ. ಕಾರ್ಬನ್ ಎಂದರೆ ಹುಡುಗನಿಗೆ ಏನೂ ಕಾಣುವುದಿಲ್ಲ.

1956ರಲ್ಲಿ ಕನ್ನಡ ನಾಡು ಒಂದಾದಾಗ ಮುಂಬಯಿ, ಹೈದರಾಬಾದ್, ಮೈಸೂರು, ಮದರಾಸು, ಕೊಡಗು ಎಂದು ಬೇರೆಬೇರೆ ಆಡಳಿತದಲ್ಲಿ ಬೆಳೆದಿದ್ದ ಶಾಲೆಗಳು ಒಂದು ಸೂರಿನಡಿ ಬಂದವು. ಪಠ್ಯ ಒಂದಾಯಿತು. ಮಾಸ್ತರರ ಮಾತು ಮಾತ್ರ ಅಷ್ಟು ಬೇಗ ಒಂದಾಗಲಿಲ್ಲ. ಬೆಂಗಳೂರಿನ ಕಡೆಯವರ ‘ಪಾಠ ಟಿಪ್ಪಣಿ’ ಈ ಕಡೆ ಇಂದಿಗೂ ‘ಟಾಚಣ’, ನೋಟ್‌ಬುಕ್ಕು ‘ವಹಿ’. ಒಳ್ಳೆಯ ಮಾಸ್ತರರ ಟಾಚಣ ವಹಿಗೆ ಬೆಲೆಯಿತ್ತು. ಹೊಸದಾಗಿ ನೌಕರಿಗೆ ಸೇರಿದವರು ಹಿರಿಯರ ವಹಿಯನ್ನು ಇಸಿದುಕೊಂಡು ಹೋಗಿ ಕಾಪಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಕಾರ್ಬನ್ ಹಾಳೆ ಬಂತು, ಸೈಕ್ಲೋಸ್ಟೈಲ್ ಬಂತು, ಝೆರಾಕ್ಸ್ ಬಂತು. ಮೇಣದ ಹಾಳೆಯ ಮೇಲೆ ಕೊರೆಯುವ ಪೆನ್ನಿನಿಂದ ಬೀಕರಿನ ಚಿತ್ರ ಬರೆಯುವಾಗ ಕೈ ಸ್ವಲ್ಪ ಭಾರವಾದರೆ ಹಾಳೆ ಹರಿದು, ಪ್ರತಿ ಪ್ರತಿಯಲ್ಲೂ ಬೀಕರಿನ ತಳಕ್ಕೆ ಮಸಿಯ ಕಲೆ.

ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ಬರೆದು ಹಂಚಿದವರಲ್ಲಿ ಜೆ. ಆರ್. ಲಕ್ಷ್ಮಣರಾವ್ (1921–2017) ಅವರ ಹೆಸರನ್ನು ಗೌರವದಿಂದ ನೆನೆಯಬೇಕು. ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಅವರು ಪರಮಾಣುವಿನ ಚರಿತ್ರೆಯನ್ನು, ವಿಜ್ಞಾನಿಗಳ ಬದುಕನ್ನು ತಿಳಿಗನ್ನಡದಲ್ಲಿ ಬರೆದರು. 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆ ಹೊರಟಾಗ ಅದರ ಸಂಪಾದಕತ್ವವೂ ಅವರ ಪಾಲಿಗೆ ಬಂತು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಆ ಪತ್ರಿಕೆಯನ್ನು ಹೊತ್ತು ನಡೆಸಿತು. ಹೆಸರಿನಲ್ಲಿ ಬಾಲರಿದ್ದರೂ ಪತ್ರಿಕೆಯನ್ನು ಕಾದು ಓದಿದವರಲ್ಲಿ ಮಾಸ್ತರರೇ ಬಹಳ. ಹಳ್ಳಿಯ ಹೈಸ್ಕೂಲಿನ ವಾಚನಾಲಯಕ್ಕೆ ಬರುತ್ತಿದ್ದ ನಾಲ್ಕಾರು ಪತ್ರಿಕೆಗಳಲ್ಲಿ ಅದೂ ಒಂದಾಗಿದ್ದರೆ ಆ ಶಾಲೆಯ ವಿಜ್ಞಾನ ಮಾಸ್ತರರಿಗೆ ತಿಂಗಳಿಗೊಂದು ಹೊಸ ಪ್ರಯೋಗ ಸಿಕ್ಕಿತೆಂದೇ ಲೆಕ್ಕ.

ಅದೇ ಕಾಲದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಇನ್ನೂ ಧೈರ್ಯದ ಕೆಲಸ ನಡೆದಿತ್ತು. 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಬೋಧನೆಯ ಕಾರ್ಯಕ್ರಮ ಕೆಲವೇ ವರ್ಷಗಳಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. ಮಕ್ಕಳು ಪುಸ್ತಕ ಬಾಯಿಪಾಠ ಮಾಡದೆ ಕೈಯಿಂದ ಪ್ರಯೋಗ ಮಾಡಿ ಕಲಿಯಬೇಕೆಂಬುದು ಅದರ ಸೂತ್ರ. ಮಾಸ್ತರರು ಪ್ರತಿ ತಿಂಗಳೂ ಕೂಡಿ ಯಾವ ಪ್ರಯೋಗ ನಡೆಯಿತು, ಯಾವುದು ಕೈಕೊಟ್ಟಿತು ಎಂದು ಮಾತಾಡುತ್ತಿದ್ದರು. ಆ ಮಾತು ಪುಸ್ತಕದ ಮುಂದಿನ ಮುದ್ರಣಕ್ಕೆ ಹೋಗುತ್ತಿತ್ತು. 2002ರಲ್ಲಿ ಅದು ನಿಂತುಹೋಯಿತು. ಕರ್ನಾಟಕದಲ್ಲಿ ಇದಕ್ಕೆ ಹತ್ತಿರ ಬರುವುದು ಪ್ರಾಥಮಿಕ ಶಾಲೆಯ ‘ನಲಿ ಕಲಿ’. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿಬಂದು, ಕಲಿಕೆಯ ಕಾರ್ಡುಗಳನ್ನು ತಾವೇ ಕೂತು ಕನ್ನಡದಲ್ಲಿ ಬರೆದರು. ಅವು ಮುಂದೆ ರಾಜ್ಯದ ಮೂಲೆಮೂಲೆಯ ಶಾಲೆಗಳನ್ನು ಮುಟ್ಟಿದವು. ಮಾಸ್ತರರ ಕೈಬರಹ ಬೇರೂರಿದ ಹಾಗೆ ಮೇಲಿನಿಂದ ಇಳಿದು ಬಂದ ಸುತ್ತೋಲೆ ಬೇರೂರುವುದು ಕಷ್ಟ ಎಂದು ‘ನಲಿ ಕಲಿ’ಯನ್ನು ನೋಡಿದರೆ ಅನ್ನಿಸುತ್ತದೆ.

ಕಂಪ್ಯೂಟರ್ ಶಾಲೆಯ ಬಾಗಿಲಿಗೆ ಬಂದದ್ದು 2001ರ ಆಚೀಚೆ. ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಸರ್ಕಾರಿ ಹೈಸ್ಕೂಲುಗಳಿಗೆ ಯಂತ್ರಗಳು ಬಂದವು. ಅವು ಬಂದರೂ ಕನ್ನಡದ ಪಾಠ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟುವುದು ಸುಲಭವಾಗಲಿಲ್ಲ. ಆ ದಿನಗಳಲ್ಲಿ ಕನ್ನಡ ಬರೆಯುತ್ತಿದ್ದದ್ದು ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳಲ್ಲಿ. ನುಡಿಯ ಅಕ್ಷರಶೈಲಿಯಲ್ಲಿ ಬರೆದ ಕಡತವನ್ನು ಅದಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು. ರಸಾಯನಶಾಸ್ತ್ರದವರಿಗೆ ಇನ್ನೊಂದು ಕಾಟ: ಸೂತ್ರಗಳು. ಗಂಧಕಾಮ್ಲದ ಎಚ್‌₂ಎಸ್‌ಒ₄ ಬರೆಯುವಾಗ ಎರಡನ್ನೂ ನಾಲ್ಕನ್ನೂ ಸಾಲಿಗಿಂತ ಕೆಳಗೆ ಇಳಿಸಬೇಕು. ಕನ್ನಡದ ಸಾಲಿನ ನಡುವೆ ಸೂತ್ರ ಬಂದಾಗಲೆಲ್ಲ ಅಕ್ಷರಶೈಲಿ ಬದಲಿಸಬೇಕು, ಅಂಕಿ ಚಿಕ್ಕದು ಮಾಡಬೇಕು, ಮತ್ತೆ ಕನ್ನಡಕ್ಕೆ ಮರಳಬೇಕು. ಒಂದು ಸಮೀಕರಣ ಬರೆಯುವಷ್ಟರಲ್ಲಿ ಕರಿಹಲಗೆಯ ಮೇಲೆ ಹತ್ತು ಬರೆದು ಅಳಿಸಬಹುದಿತ್ತು. ಮಾಸ್ತರರು ಕನ್ನಡವನ್ನು ಯಂತ್ರದಲ್ಲಿ ಬರೆದು, ಸೂತ್ರಗಳನ್ನು ಮುದ್ರಿಸಿದ ಹಾಳೆಯ ಮೇಲೆ ಕೈಯಿಂದ ತುಂಬಿಕೊಳ್ಳುತ್ತಿದ್ದದ್ದು ಈ ಕಾರಣಕ್ಕೆ. ಯೂನಿಕೋಡ್ ಬಳಕೆಗೆ ಬಂದು ಎಲ್ಲ ಯಂತ್ರಗಳೂ ಕನ್ನಡದ ‘ಅ’ವನ್ನು ಒಂದೇ ‘ಅ’ ಎಂದು ಗುರುತಿಸತೊಡಗಿದ ಮೇಲೆ ಈ ಕಟ್ಟು ಬಿಚ್ಚಿತು.

ಹಂಚಿಕೆಯ ಕಾನೂನು ಕೂಡ ಆಗಲೇ ಹದವಾಗಿತ್ತು. 2001ರಲ್ಲಿ ಅಮೆರಿಕದ ಎಂಐಟಿ ತನ್ನ ತರಗತಿಗಳ ಸಾಮಗ್ರಿಯನ್ನು ಎಲ್ಲರಿಗೂ ಬಿಟ್ಟುಕೊಡುವುದಾಗಿ ಸಾರಿತು. ಮರುವರ್ಷ ಯುನೆಸ್ಕೊ ಸಭೆಯೊಂದು ಇಂಥವಕ್ಕೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂದು ಹೆಸರಿಟ್ಟಿತು. ಅದೇ 2002ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಬಂದವು. ನನ್ನ ಹೆಸರು ಹೇಳಿ, ಬೇಕಾದ ಹಾಗೆ ತಿದ್ದಿಕೊಳ್ಳಿ, ತಿದ್ದಿದ್ದನ್ನೂ ಇದೇ ಷರತ್ತಿನ ಮೇಲೆ ಹಂಚಿ ಎಂಬುದು ಅವುಗಳಲ್ಲಿ ಒಂದರ ಒಡಂಬಡಿಕೆ. ಟಾಚಣ ವಹಿ ಇಸಿದುಕೊಂಡು ಕಾಪಿ ಬರೆದ ಹಿಂದಿನ ಮಾಸ್ತರರು ಯಾವ ಪರವಾನಗಿಯನ್ನೂ ಕೇಳಿರಲಿಲ್ಲ. ಅವರು ನಡೆದದ್ದು ಇದೇ ಒಡಂಬಡಿಕೆಯಂತೆ.

ಕರ್ನಾಟಕದಲ್ಲಿ ಇದು ಹೈಸ್ಕೂಲಿನ ಮಾಸ್ತರರ ಕೈಗೆ ಬಂದದ್ದು 2011ರ ಸುಮಾರಿಗೆ, ‘ವಿಷಯ ಶಿಕ್ಷಕರ ವೇದಿಕೆ’ಯ ರೂಪದಲ್ಲಿ. ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ, ರಾಜ್ಯದ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರನ್ನು ಜಿಲ್ಲೆಜಿಲ್ಲೆಯಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿದವು. ಕಲಿಸಿದ್ದು ದುಡ್ಡು ಕೊಡಬೇಕಿಲ್ಲದ ತಂತ್ರಾಂಶಗಳನ್ನು: ಉಬುಂಟು, ರೇಖಾಗಣಿತಕ್ಕೆ ಜಿಯೋಜೀಬ್ರಾ, ರಸಾಯನಶಾಸ್ತ್ರಕ್ಕೆ ಕ್ಯಾಲ್ಜಿಯಂ. ಕ್ಯಾಲ್ಜಿಯಂ ತೆರೆದರೆ ಆವರ್ತ ಕೋಷ್ಟಕ ಪರದೆಯ ಮೇಲೆ ಹರಡುತ್ತದೆ. ಉಷ್ಣತೆಯ ಗುಂಡಿಯನ್ನು ಸರಿಸುತ್ತ ಹೋದರೆ ಯಾವ ಧಾತು ಯಾವ ಬಿಸಿಗೆ ಕರಗುತ್ತದೆ, ಯಾವುದು ಆವಿಯಾಗುತ್ತದೆ ಎಂಬುದು ಬಣ್ಣ ಬದಲಾಗುತ್ತ ಕಾಣಿಸುತ್ತದೆ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಪಟವನ್ನೇ ಇಪ್ಪತ್ತು ವರ್ಷ ಕೋಲಿನಿಂದ ತೋರಿಸಿದ ಮಾಸ್ತರರಿಗೆ ಅದರ ಮುಂದೆ ಕೂತಾಗ ಏನನ್ನಿಸಿರಬೇಕು!

ಇದರ ಮುಂದುವರಿಕೆಯಾಗಿ 2013ರ ಹೊತ್ತಿಗೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರ ರೂಪುಗೊಂಡಿತು. ವಿಕಿಪೀಡಿಯ ನಡೆಯುವ ತಂತ್ರಾಂಶದ ಮೇಲೆಯೇ ಅದೂ ನಡೆಯುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು, ಯಾರು ಯಾವಾಗ ತಿದ್ದಿದರೆಂಬುದು ಉಳಿಯುತ್ತದೆ. ಪಾಠವನ್ನು ಪುಟಗಳಾಗಿ ಒಡೆಯದೆ ಪರಿಕಲ್ಪನೆಗಳಾಗಿ ಬಿಡಿಸಿ, ಪರಿಕಲ್ಪನಾ ನಕ್ಷೆ ಬರೆದು, ಒಂದೊಂದರ ಕೆಳಗೆ ಚಟುವಟಿಕೆ, ಪ್ರಶ್ನೆ, ವಿಡಿಯೊ ಜೋಡಿಸುವುದು ಅದರ ರೀತಿ. ಸರ್ಕಾರಿ ಹೈಸ್ಕೂಲಿನ ಶಿಕ್ಷಕರು ಇನ್ನೊಬ್ಬರು ಬರೆದ ಪಠ್ಯವನ್ನು ಒಪ್ಪಿಸುವವರು ಮಾತ್ರ ಎಂಬ ಹಳೆಯ ಎಣಿಕೆಯನ್ನು ಇದು ಮುರಿಯಿತು. ದೇಶದಲ್ಲೇ ಮುಂಚೂಣಿಯಲ್ಲಿದ್ದ ಕೆಲಸ ಇದು. ಕೇಂದ್ರ ಸರ್ಕಾರ ತನ್ನ ರಾಷ್ಟ್ರೀಯ ಭಂಡಾರವನ್ನು ತೆರೆದದ್ದೂ ಅದೇ 2013ರಲ್ಲಿ. ಪಾಠಗಳ ಡಿಜಿಟಲ್ ವೇದಿಕೆಯಾದ ‘ದೀಕ್ಷಾ’ ಬಂದದ್ದು 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಗೆ. ಈಗ ಪಠ್ಯಪುಸ್ತಕದ ಅಧ್ಯಾಯಗಳಲ್ಲೇ ಕ್ಯೂಆರ್ ಕೋಡಿನ ಚೌಕವಿದೆ. ಮೊಬೈಲ್ ಹಿಡಿದರೆ ದೀಕ್ಷಾದ ಪಾಠ ತೆರೆಯುತ್ತದೆ.

2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದವು. ಮಾಸ್ತರರು, ಅಕ್ಕೋರು ರಾತ್ರೋರಾತ್ರಿ ಮೊಬೈಲಿಗೆ ಬಂದರು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾದವು. ‘ವಿದ್ಯಾಗಮ’ದಲ್ಲಿ ಶಿಕ್ಷಕರು ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಲ್ಲಿ ಮಕ್ಕಳನ್ನು ಸಣ್ಣ ಗುಂಪಾಗಿ ಕೂರಿಸಿ ಕಲಿಸಿದರು. ಅದರ ಜೊತೆಗೆ ವಾಟ್ಸಾಪ್ ಗುಂಪುಗಳು, ಟೆಲಿಗ್ರಾಂ ಗುಂಪುಗಳು, ಯೂಟ್ಯೂಬ್ ವಾಹಿನಿಗಳು. ತಾಲ್ಲೂಕಿಗೊಂದು, ಜಿಲ್ಲೆಗೊಂದು, ವಿಷಯಕ್ಕೊಂದು ಗುಂಪು. ಪಾಠದ ಪಿಡಿಎಫ್, ಪ್ರಯೋಗದ ವಿಡಿಯೊ, ಪ್ರಶ್ನೆಕೋಠಿ ದಿನಕ್ಕೆ ಹತ್ತಾರು ಬಂದು ಬೀಳತೊಡಗಿದವು. ಒಂಟಿ ಮಾಸ್ತರ ತಿಂಗಳಿಡೀ ‘ಮಠಪತ್ರಿಕೆ’ಯ ದಾರಿ ಕಾಯುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಕಾಲುವೆ ಒಡೆದು ನೀರು ನುಗ್ಗಿದ ಹಾಗೆ.

ಬಸಿಗಾಲುವೆ ಇಲ್ಲದ ಹೊಲಕ್ಕೆ ನೀರು ನುಗ್ಗಿದರೆ ಏನಾಗುತ್ತದೆಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗುಂಪಿನಲ್ಲಿ ಬಂದ ಒಳ್ಳೆಯ ಪ್ರಯೋಗ ಮೂರು ದಿನದಲ್ಲಿ ಶುಭಾಶಯಗಳ ಕೆಳಗೆ ಮುಳುಗಿಹೋಗುತ್ತದೆ, ವರ್ಷದ ನಂತರ ಹುಡುಕಿದರೆ ಸಿಗುವುದಿಲ್ಲ. ಬರೆದವರ ಹೆಸರು ದಾರಿಯಲ್ಲೇ ಉದುರುತ್ತದೆ, ಅದರ ಜಾಗಕ್ಕೆ ಇನ್ನಾರದೋ ಮೊಹರು ಬರುತ್ತದೆ. ಹಾಳೆಯಲ್ಲಿ ಸಮೀಕರಣ ಸರಿದೂಗದೆ ಇದ್ದರೆ ಆ ತಪ್ಪೂ ಐವತ್ತು ಶಾಲೆಗೆ ಹೋಗುತ್ತದೆ. ಪಿಡಿಎಫ್ ಆದ್ದರಿಂದ ತಿದ್ದುವುದಕ್ಕೆ ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಓಡಾಡುವುದು ‘ಪಾಸಿಂಗ್ ಪ್ಯಾಕೇಜ್’. ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು ಪ್ರಶ್ನೆ ಬಾಯಿಪಾಠ ಮಾಡಿದರೆ ಪಾಸು ಎಂಬ ಹತ್ತಿಪ್ಪತ್ತು ಪುಟ. ಫಲಿತಾಂಶದ ಒತ್ತಡದಲ್ಲಿರುವ ಶಿಕ್ಷಕರನ್ನು ಇದಕ್ಕಾಗಿ ಬೈಯುವುದು ನ್ಯಾಯವಲ್ಲ. ಫೇಲಾದ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ, ಮದುವೆಯ ಮಾತು ಶುರುವಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡವರು ಅವರು. ಆದರೂ ಹೇಳಲೇಬೇಕು: ಮೆಗ್ನೀಸಿಯಂ ಪಟ್ಟಿ ಉರಿಯುವುದನ್ನು ಒಮ್ಮೆಯೂ ನೋಡದೆ ‘ಮೆಗ್ನೀಸಿಯಂ ಆಕ್ಸೈಡ್’ ಎಂದು ಬರೆದು ಎರಡು ಅಂಕ ಪಡೆದ ಮಗುವಿಗೆ ರಸಾಯನಶಾಸ್ತ್ರ ಸಿಕ್ಕಿಲ್ಲ.

ಹತ್ತನೇ ತರಗತಿಯ ವಿಜ್ಞಾನದ ಮೊದಲ ಚಟುವಟಿಕೆಯೇ ಅದು. ಪಟ್ಟಿಯನ್ನು ಮರಳುಕಾಗದದಿಂದ ತಿಕ್ಕಬೇಕು ಎಂದು ಪುಸ್ತಕ ಹೇಳುತ್ತದೆ. ಯಾಕೆಂದರೆ ಗಾಳಿಗೆ ಒಡ್ಡಿದ ಪಟ್ಟಿಯ ಮೇಲೆ ಆಗಲೇ ಒಂದು ಮಬ್ಬು ಪದರ ಕೂತಿರುತ್ತದೆ. ಪ್ರಯೋಗ ಮಾಡಿಸಿ ಕೈ ಪಳಗಿದವರು ಹೇಳಿಕೊಡುವ ಸಣ್ಣ ವಿಷಯಗಳು ಬೇರೆ. ಪಟ್ಟಿ ಬೆರಳಿನಷ್ಟು ಉದ್ದವಿದ್ದರೆ ಸಾಕು. ಇಕ್ಕಳದಲ್ಲಿ ತುದಿಯಲ್ಲಿ ಹಿಡಿಯಬೇಕು. ಹೊತ್ತಿಕೊಂಡ ಮೇಲೆ ಆ ಬೆಳಕನ್ನು ನೆಟ್ಟ ಕಣ್ಣಿನಿಂದ ನೋಡಬಾರದೆಂದು ಮಕ್ಕಳಿಗೆ ಮೊದಲೇ ಹೇಳಬೇಕು. ಬೂದಿ ಹಾರಿಹೋಗದಂತೆ ಕೆಳಗೆ ಗಾಜಿನ ತಟ್ಟೆ ಇಡಬೇಕು, ಫ್ಯಾನು ತಿರುಗುತ್ತಿದ್ದರೆ ನಿಲ್ಲಿಸಬೇಕು. ಆ ಬಿಳಿ ಬೂದಿಯನ್ನು ನೀರಿನಲ್ಲಿ ಕದಡಿ ಕೆಂಪು ಲಿಟ್ಮಸ್ ಅದ್ದಿದರೆ ನೀಲಿಗೆ ತಿರುಗುತ್ತದೆ. ಆಮ್ಲಜನಕ ಸೇರಿಯೂ ಹುಟ್ಟಿದ್ದು ಆಮ್ಲವಲ್ಲ! ಲವಾಸಿಯೆಯ ಹೆಸರಿನ ಕಥೆಯನ್ನು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಇಂಥ ಹತ್ತು ಸಾಲಿನ ಅನುಭವವೇ ಮಾಸ್ತರರಿಂದ ಮಾಸ್ತರರಿಗೆ ದಾಟಬೇಕಾದದ್ದು, ಪಾಸಿಂಗ್ ಪ್ಯಾಕೇಜಿನಲ್ಲಿ ಎಂದೂ ಇರದಿದ್ದದ್ದು.

ಪ್ರಯೋಗಾಲಯವಿಲ್ಲದ ಶಾಲೆಗೂ ರಸಾಯನಶಾಸ್ತ್ರ ಬರುತ್ತದೆ ಎಂದು ತೋರಿಸುವ ಸಾಮಗ್ರಿಗೆ ಹಳ್ಳಿಯಲ್ಲಿ ಕೊರತೆಯಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿಸಿ ಕೆಂಪು ಮಾಡಿ ಆರತಿ ಬೆಳಗುವುದು ಪ್ರತಿ ಮನೆಯ ಹೆಣ್ಣುಮಕ್ಕಳಿಗೆ ಗೊತ್ತು. ಅರಿಶಿನಕ್ಕೆ ನಿಂಬೆಹುಳಿ, ಬಿಳಿಗಾರ, ಸುಣ್ಣ ಬೆರೆಸಿ ಕುಂಕುಮ ಮಾಡುವುದು ಹಳೆಯ ಕಸುಬು. ಸಾಬೂನು ಬರುವ ಮುಂಚೆ ಅಗಸರು ಬಟ್ಟೆ ಒಗೆದದ್ದು ಚೌಳು ಮಣ್ಣಿನಲ್ಲಿ. ಜಾತ್ರೆಯ ಕರಿಂಡಿಗೆ ಹುಳಿ ಬರುವುದು ಹೇಗೆಂದು ಕೇಳಿದರೆ ಲ್ಯಾಕ್ಟಿಕ್ ಆಮ್ಲದ ಪಾಠ ತೆರೆದುಕೊಳ್ಳುತ್ತದೆ. ಗದಗ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಹಲ್ಲು ಬೆಳೆಯುವ ವಯಸ್ಸಿನಲ್ಲಿ ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಗೆರೆ ಬೀಳಬಹುದು. ಹ್ಯಾಲೋಜನ್‌ಗಳ ಪಾಠ ಮಾಡುವ ಅಕ್ಕೋರಿಗೆ ಉದಾಹರಣೆ ಹುಡುಕಲು ಹೊರಗೆ ಹೋಗಬೇಕಿಲ್ಲ. ಆ ಗೆರೆ ಎದುರಿಗೆ ಕೂತ ಮಗುವಿನ ನಗೆಯಲ್ಲೇ ಇರಬಹುದು, ಆದ್ದರಿಂದಲೇ ಆ ಪಾಠವನ್ನು ಬಹಳ ಮೆತ್ತಗೆ ಮಾಡಬೇಕಾಗುತ್ತದೆ.

ಒಂದೇ ಪಾಠ ಊರು ಬದಲಾದಂತೆ ರೂಪ ಬದಲಿಸುವುದು ಹಂಚಿಕೆಯ ದೊಡ್ಡ ಲಾಭ. ಸೂಚಕಗಳ ಪಾಠವನ್ನು ಗದುಗಿನವರು ಅರಿಶಿನದಲ್ಲಿ ಮಾಡಿ ಕಳಿಸಿದರೆ, ಕರಾವಳಿಯವರು ಅದಕ್ಕೆ ಪುನರ್ಪುಳಿಯ ಕೆಂಪು ಸೇರಿಸಬಹುದು, ಇನ್ನೊಂದು ಕಡೆಯವರು ದಾಸವಾಳದ ಎಸಳು ಕುದಿಸಿದ ನೀರನ್ನು. ಕಾಸರಗೋಡಿನ ಕನ್ನಡ ಶಾಲೆಯ ಶಿಕ್ಷಕರಿಗೆ ಪಠ್ಯಕ್ರಮ ಕೇರಳದ್ದು, ಮಾತು ಕನ್ನಡದ್ದು. ಕರ್ನಾಟಕದ ಮಾಸ್ತರರು ಕನ್ನಡದಲ್ಲಿ ಬರೆದಿಟ್ಟ ಒಂದು ಪ್ರಯೋಗ ಅವರಿಗೆ ಎಷ್ಟು ಕೆಲಸ ಉಳಿಸುತ್ತದೆ ಎಂಬುದನ್ನು ಊಹಿಸಬಹುದು. ಇದೆಲ್ಲ ನಡೆಯುವುದು ಬರೆದದ್ದು ತಿದ್ದಲು ಬರುವಂತಿದ್ದರೆ, ಹುಡುಕಿದಾಗ ಸಿಗುವಂತಿದ್ದರೆ, ಕನ್ನಡದಲ್ಲಿದ್ದರೆ ಮಾತ್ರ.

ಸವಳಿನ ಪಾಠವನ್ನು ಹಾಗೆ ಬರೆದಿಡುವುದಾದರೆ ಒಂದು ಪುಟ ಸಾಕು. ಬಿಳಿ ಹಾಳೆಗೆ ಅರಿಶಿನದ ನೀರು ಬಳಿದು ನೆರಳಲ್ಲಿ ಒಣಗಿಸಿ ಬೆರಳಗಲದ ಪಟ್ಟಿ ಕತ್ತರಿಸಬೇಕು. ಮಕ್ಕಳು ತಮ್ಮ ತಮ್ಮ ಹೊಲದಿಂದ ಒಂದೊಂದು ಮುಷ್ಟಿ ಮಣ್ಣು ತಂದು, ಮೇಲೆ ಹೊಲದ ಹೆಸರು ಬರೆದ ಚೀಟಿ ಅಂಟಿಸಬೇಕು: ಹಳ್ಳದ ಹೊಲ, ಕಾಲುವೆ ಕೆಳಗಿನ ಹೊಲ, ದಿಬ್ಬದ ಹೊಲ. ಮಣ್ಣನ್ನು ನೀರಿನಲ್ಲಿ ಕದಡಿ ತಿಳಿಯಾಗಲು ಬಿಟ್ಟು, ಒಂದೊಂದರಲ್ಲೂ ಒಂದೊಂದು ಪಟ್ಟಿ ಅದ್ದಬೇಕು. ಯಾವುದು ಕೆಂಪಾಯಿತು, ಯಾವುದು ಹಳದಿಯಾಗೇ ಉಳಿಯಿತು ಎಂಬುದನ್ನು ಕರಿಹಲಗೆಯ ಮೇಲೆ ಬರೆದ ಊರಿನ ನಕ್ಷೆಯಲ್ಲಿ ಗುರುತು ಮಾಡಬೇಕು. ಕೆಂಪಾದ ಹೊಲಗಳಿಗೆ ಜಿಪ್ಸಮ್ ಹಾಕುತ್ತಾರೇಕೆ ಎಂಬಲ್ಲಿ ಪಾಠ ಮುಂದುವರಿಯುತ್ತದೆ. ಜಿಪ್ಸಮ್ಮಿನ ಕ್ಯಾಲ್ಸಿಯಂ ಮಣ್ಣಿನ ಕಣಗಳ ಮೇಲೆ ಕೂತ ಸೋಡಿಯಂ ಅನ್ನು ಎಬ್ಬಿಸಿ ತಾನು ಆ ಜಾಗಕ್ಕೆ ಕೂರುತ್ತದೆ. ಎದ್ದ ಸೋಡಿಯಂ ಸಲ್ಫೇಟಾಗಿ ನೀರಿನ ಜೊತೆ ಹೋಗುತ್ತದೆ, ಹೋಗಲು ಬಸಿಗಾಲುವೆ ಇದ್ದರೆ. ಈ ಸಾಲಿಗೆ ಬಂದಾಗ ಯಾವುದಾದರೂ ಹುಡುಗ ಎದ್ದು ನಿಂತು, ‘ಸರ್ರ, ನಮ್ಮ ಹೊಲಕ್ಕ ಬಸಿಗಾಲುವಿ ಇಲ್ರಿ’ ಅಂದಾನು. ಪುಟದ ಕೊನೆಗೆ ನಾಲ್ಕು ಬೆರಳು ಖಾಲಿ ಬಿಟ್ಟಿರಬೇಕು, ಮುಂದಿನ ಊರಿನ ಮಾಸ್ತರರು ತಮ್ಮ ನೆಲದ ಮಾತನ್ನು ಬರೆದುಕೊಳ್ಳಲು.